ಲೇ ಗಿರಾಕಿ

ಚನ್ನಗಿರಿಯಲ್ಲಿ ರೇಣುಕಪ್ರಸಾದನನ್ನು ಏಕವಚನದಲ್ಲಿ ಕರೆಯುವವರು ಒಬ್ಬರೂ ಉಳಿದಿರಲಿಲ್ಲ. ಅಡಿಕೆ ಮಂಡಿಯ ಹಮಾಲರು ಸಾಹುಕಾರ್ರೇ ಎನ್ನುತ್ತಿದ್ದರು. ಪಿಯು ಕಾಲೇಜು ಶುರು ಮಾಡಿದ ಮೇಲೆ ಅಧ್ಯಕ್ಷರೇ ಎನ್ನುವವರು ಹೆಚ್ಚಾದರು. ಹೆಂಡತಿ ಪ್ರೇಮಲತಾಗೆ ಮದುವೆಯಾದ ದಿನದಿಂದಲೂ ಅವನು 'ರೀ'. ಚಿಕ್ಕಂದಿನಲ್ಲಿ ಜೊತೆಗೆ ಗೋಲಿ ಆಡಿದವರು ಕೂಡ ಮಕ್ಕಳಿಗೆ ಸೀಟು ಕೇಳಲು ಬಂದಾಗ ಕೈಮುಗಿದು, "ತಾವು ಮನಸ್ಸು ಮಾಡಿದ್ರೆ ಆಗ್ತೈತೆ" ಎನ್ನುತ್ತಿದ್ದರು. ತಾವಂತೆ, ತಾವು! ಗೋಲಿ ಕದ್ದು ಓಡುವಾಗ ಯಾವ ತಾವೂ ಇರಲಿಲ್ಲ. ನಾವಾದರೂ ಇಲ್ಲಿ ಅವನನ್ನು ಬರೀ ರೇಣುಕ ಎಂದು ಕರೆಯೋಣ. ಪಾಪ, ಅವನಿಗೆ ಬೇಕಾಗಿದ್ದುದೂ ಅಷ್ಟೇ.

ಆದರೆ ಎಲ್ಲರ ಬಾಯಿಂದಲೂ ಅಲ್ಲ. ಒಂದೇ ಒಂದು ಬಾಯಿಂದ. ಬಸವಾಪಟ್ಟಣದ ಹೈಸ್ಕೂಲಿನಲ್ಲಿ ಅವನಿಗೆ ಲೆಕ್ಕ ಹೇಳಿಕೊಟ್ಟ ಪಂಚಾಕ್ಷರಪ್ಪ ಮೇಷ್ಟ್ರ ಬಾಯಿಂದ.

ಮೇಷ್ಟ್ರು ಹುಡುಗರ ಹೆಸರು ಹಿಡಿದು ಕರೆದವರೇ ಅಲ್ಲ. ಎಲ್ಲರೂ ಅವರಿಗೆ ಗಿರಾಕಿಗಳೇ. ಅಂಗಡಿಗೆ ಬಂದು ಸಾಮಾನು ಕೊಳ್ಳುವ ಗಿರಾಕಿ ಅಲ್ಲ ಮತ್ತೆ. ತುಂಟ ಮಗುವಿನ ಕಿವಿ ಹಿಂಡುತ್ತಾ 'ಇವನೊಬ್ಬ ಗಿರಾಕಿ ನೋಡು' ಅನ್ನುತ್ತಾರಲ್ಲ, ಆ ಗಿರಾಕಿ. ರೇಣುಕನಿಗೆ ಬೀಜಗಣಿತದಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಸಮೀಕರಣದ ಆ ಕಡೆಯಿಂದ ಈ ಕಡೆಗೆ ಬರುವಷ್ಟರಲ್ಲಿ ಮೈನಸ್ ಚಿಹ್ನೆಯನ್ನು ಎಲ್ಲಾದರೂ ಕಳೆದುಕೊಂಡು ಬಿಡುತ್ತಿದ್ದ. ಮೇಷ್ಟ್ರ ಕೂಗು ಆಟದ ಮೈದಾನದವರೆಗೂ ಕೇಳುತ್ತಿತ್ತು.

"ಲೇ ಗಿರಾಕಿ, ಬಾ ಇಲ್ಲಿ! ಮೈನಸ್ ಎಲ್ಲಿ ಹೋತು? ದಾರ್ಯಾಗೆ ಯಾರಿಗೆ ಮಾರ್ಕಂಡು ಬಂದೆ?"

ಅಡಿಕೆ ವ್ಯಾಪಾರಿಯ ಮಗ ಮೈನಸ್ಸನ್ನೂ ಬಿಡದೆ ಮಾರಿಕೊಂಡ ಎಂದು ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ರೇಣುಕನೂ ನಗುತ್ತಿದ್ದ. ಒಮ್ಮೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಮಕಾಡೆ ಮಲಗಿ, ಶಾಲೆಗೇ ಹೋಗುವುದಿಲ್ಲ ಎಂದು ಅಪ್ಪನ ಗೋದಾಮಿನಲ್ಲಿ ಚೀಲಗಳ ಸಂದಿಯಲ್ಲಿ ಅಡಗಿ ಕೂತಿದ್ದ. ಮೇಷ್ಟ್ರು ಸೈಕಲ್ ತುಳಿದುಕೊಂಡು ಹುಡುಕಿ ಬಂದರು. ಬಾಗಿಲಲ್ಲಿ ನಿಂತು, "ಲೇ ಗಿರಾಕಿ, ಹೊರಗೆ ಬಾ. ನೀನಿಲ್ದಿದ್ರೆ ನಾನು ಯಾರಿಗೆ ಬೈಲಿ?" ಅಂದರು. ಅವನು ಎದ್ದು ಬಂದ. ಆಮೇಲೆ ಎಷ್ಟೋ ಜನ ಅವನನ್ನು ಹೊಗಳಿದ್ದಾರೆ, ಹಾರ ಹಾಕಿದ್ದಾರೆ, ಶಾಲು ಹೊದಿಸಿದ್ದಾರೆ. ನೀನಿಲ್ಲದಿದ್ದರೆ ಆಗುವುದಿಲ್ಲ ಎಂದು ಹೇಳಿದವರು ಮಾತ್ರ ಅವರೊಬ್ಬರೇ.

ಹಾಗಾಗಿ ಮೇಷ್ಟ್ರು ನಿವೃತ್ತರಾದ ಸುದ್ದಿ ತಿಳಿದದ್ದೇ ತಡ, ರೇಣುಕ ಅವರ ಮನೆಗೆ ಹೋಗಿ ಕಾಲಿಗೆ ಬಿದ್ದು ತನ್ನ ಕಾಲೇಜಿಗೆ ಕರೆದ. ಒಳ್ಳೆಯ ಲೆಕ್ಕದ ಮೇಷ್ಟ್ರು ಸಿಕ್ಕರು ಎಂದು ಊರಿಗೆಲ್ಲ ಹೇಳಿಕೊಂಡ. ಆ ಧ್ವನಿ ಸಿಗುತ್ತದೆ ಎನ್ನುವ ಆಸೆಯನ್ನು ಯಾರಿಗೂ ಹೇಳಲಿಲ್ಲ.

ಮೊದಲ ದಿನ ಅವನು ತನ್ನ ಕೊಠಡಿಯಲ್ಲಿದ್ದವರನ್ನೆಲ್ಲ ಏನೇನೋ ನೆಪ ಹೇಳಿ ಹೊರಗೆ ಕಳಿಸಿ, ಒಬ್ಬನೇ ಕಾದು ಕೂತ. ಮೇಷ್ಟ್ರು ಬಂದರು. ಅದೇ ಬಿಳಿ ಅಂಗಿ, ಅದೇ ಹಣೆಯ ವಿಭೂತಿ. ಬಾಗಿಲಲ್ಲೇ ನಿಂತು ಎರಡೂ ಕೈ ಜೋಡಿಸಿದರು.

"ನಮಸ್ಕಾರ ರೇಣುಕಪ್ರಸಾದ್ ಅವರೇ. ಯಾವ ಕ್ಲಾಸಿಗೆ ಹೋಗ್ಲಿ, ಹೇಳ್ರಿ."

ರೇಣುಕನ ಮುಖ ಸಪ್ಪಗಾಯಿತು. "ಸಾರ್, ನನಗೆ ಹಂಗೆಲ್ಲ ಅನ್ನಬ್ಯಾಡ್ರಿ. ಮುಂಚೆ ಹೆಂಗೆ ಕರೀತಿದ್ರೋ ಹಂಗೇ ಕರೀರಿ."

"ಅದು ಹೆಂಗಾಗ್ತೈತ್ರಿ?" ಮೇಷ್ಟ್ರು ನಕ್ಕರು. "ಆವಾಗ ನೀವು ಹುಡುಗ್ರು. ಈಗ ಸಂಬಳ ಕೊಡೋರು. ಹುಡುಗ್ರು ಕೇಳಿಸ್ಕಂಡ್ರೆ ಏನನ್ಕಂಡಾರು?"

ನಾಲ್ಕು ದಿನ ಹೋದರೆ ಸರಿಹೋಗುತ್ತದೆ ಎಂದುಕೊಂಡ. ಎಲ್ಲಿ ಸರಿಹೋಗುತ್ತದೆ! ಕಾರಿಡಾರಿನಲ್ಲಿ ಎದುರಾದರೆ ಮೇಷ್ಟ್ರೇ ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಒಂದು ದಿನ ರೇಣುಕ ಒಂದು ಉಪಾಯ ಮಾಡಿದ. ಮಗಳ ಮನೆಗೆಲಸದ ಲೆಕ್ಕವನ್ನು ತಾನೇ ಬಿಡಿಸಿ, ಬೇಕೆಂದೇ ಒಂದು ಮೈನಸ್ ಬಿಟ್ಟು, "ಉತ್ತರ ಯಾಕೋ ತಾಳೆ ಆಗ್ತಿಲ್ಲ ಸಾರ್" ಎಂದು ಹಿಡಿದುಕೊಂಡು ಹೋದ. ಎದೆ ಹೈಸ್ಕೂಲು ಹುಡುಗನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಹಾಳೆ ನೋಡಿದರು. ತುಟಿ ಒಂದಿಷ್ಟು ಅಲುಗಿತು. ಇನ್ನೇನು ಬಂತು ಎಂದು ರೇಣುಕ ಉಸಿರು ಹಿಡಿದ.

"ಇಲ್ಲೊಂದು ಮೈನಸ್ ಬಿಟ್ಟೋಗೈತೆ ಅನ್ಸುತ್ತೆ, ನೋಡ್ರಿ" ಎಂದು ಮೇಷ್ಟ್ರು ಮೆಲ್ಲಗೆ ಹೇಳಿ, ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಎಳೆದು ವಾಪಸು ಕೊಟ್ಟರು.

ಥತ್! ಆ ಸಣ್ಣ ಗೆರೆಗೆ ರೇಣುಕನಿಗೆ ಅಳುವೇ ಬಂದಂತಾಯಿತು.

ಇದಾದ ಕೆಲವು ತಿಂಗಳಿಗೆ ಅವನೇ ಒಂದು ಕೆಲಸ ಮಾಡಿಕೊಂಡ. ಹೊನ್ನಾಳಿಯಲ್ಲಿ ಹೊಸ ಕಾಲೇಜು, ನ್ಯಾಮತಿಯಲ್ಲಿ ಹೊಸ ಕಾಲೇಜು, ಎಲ್ಲರಿಗೂ ಹಳದಿ ಬಸ್ಸು. ಮಕ್ಕಳನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂದು ಅವನಿಗೆ ತಲೆ ಕೆಟ್ಟಿತ್ತು. ಅಪ್ಪ ಮಂಡಿಯಲ್ಲಿ ಕಲಿಸಿದ್ದು ನೆನಪಿಗೆ ಬಂತು. ಬಂದವರನ್ನು 'ಬರ್ರಿ, ಕೂತ್ಕಳ್ರಿ' ಅನ್ನಬೇಕು, ಚಹಾ ತರಿಸಬೇಕು, ವ್ಯಾಪಾರ ಆಗಲಿ ಬಿಡಲಿ ಬಾಗಿಲವರೆಗೂ ಹೋಗಿ 'ಮತ್ತೆ ಬರ್ರಿ' ಎಂದು ಕಳಿಸಬೇಕು. ಅಡಿಕೆಗೆ ಸರಿಯಾದದ್ದು ಪಾಠಕ್ಕೆ ಯಾಕಾಗಬಾರದು? ಉಪನ್ಯಾಸಕರನ್ನೆಲ್ಲ ಸೇರಿಸಿ ಮೀಟಿಂಗ್ ಮಾಡಿದ.

"ಇನ್ಮೇಲೆ ವಿದ್ಯಾರ್ಥಿಗಳು ನಮ್ಮ ಗಿರಾಕಿಗಳು" ಎಂದ. "ಅವ್ರಿಗೆ ನೀವು ಅನ್ಬೇಕು, ಬರ್ರಿ ಹೋಗ್ರಿ ಅನ್ಬೇಕು. ಲೇ, ಲೋ, ಬಾರೇ ಎಲ್ಲ ಬಂದ್. ಮನಸ್ಸಿಗೆ ನೋವಾಗೋ ಮಾತು ಒಂದೂ ಬರಬಾರ್ದು. ಗಿರಾಕೀನ ಯಾರಾದ್ರೂ ಬೈತಾರೇನ್ರೀ?"

ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಪಂಚಾಕ್ಷರಪ್ಪ ಮೇಷ್ಟ್ರು ಮಾತ್ರ ಗಿರಾಕಿ ಎಂಬ ಶಬ್ದಕ್ಕೆ ತಲೆ ಎತ್ತಿ, ಬಹಳ ಸಂತೋಷದಿಂದ, "ನಾನು ಕೆಲಸಕ್ಕೆ ಸೇರಿದಾಗಿನಿಂದ ಅದನ್ನೇ ಹೇಳ್ತಾ ಇದೀನಲ್ರೀ!" ಅಂದರು. ಮೀಟಿಂಗಿಗೆ ಮೀಟಿಂಗೇ ಗೊಳ್ಳೆಂದಿತು. ಮೇಷ್ಟ್ರು ಹಾಸ್ಯ ಮಾಡಿದರು ಎಂದು ಎಲ್ಲರೂ ತಿಳಿದರು. ಮೇಷ್ಟ್ರು ಮಾತ್ರ ಉಳಿದದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡು, ಅಧ್ಯಕ್ಷರಿಂದಲೇ ಅಪ್ಪಣೆ ಸಿಕ್ಕಿತೆಂದು ಹುರುಪಿನಲ್ಲಿ ಕ್ಲಾಸಿಗೆ ಹೋದರು.

ಮರುವಾರ ರೇಣುಕ ಮೇಲಿನ ಮಹಡಿಯಲ್ಲಿ ಸುಮ್ಮನೆ ಓಡಾಡುತ್ತಿದ್ದ. ಒಂದು ಕೊಠಡಿಯ ಕಿಟಕಿಯಿಂದ ಆ ಕೂಗು ಬಂತು.

"ಲೇ ಗಿರಾಕಿ! ಮೈನಸ್ ಎಲ್ಲಿ ಹೋತು? ಯಾರಿಗೆ ಮಾರ್ಕಂಡು ಬಂದೆ?"

ಅವನ ಕಾಲು ಅಲ್ಲೇ ನಿಂತವು. ಬಾಯಿಗೆ 'ಸಾರ್' ಎಂಬ ಮಾತು ಬಂದೇ ಬಿಟ್ಟಿತ್ತು. ಕಿಟಕಿಯಲ್ಲಿ ಇಣುಕಿದರೆ ಬೋರ್ಡಿನ ಮುಂದೆ ದುರ್ಗಾಂಬಿಕಾ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಜಗಳೂರಿನಿಂದ ಆಚೆಯ ಹಳ್ಳಿಯ ಹುಡುಗಿ. ಅಪ್ಪ ಯರ್ರಿಸ್ವಾಮಿ ಮನೆಗಳಿಗೆ ಟೈಲ್ಸ್ ಕೂರಿಸುವ ಕೆಲಸದವನು. ಸೇರಿಸಲು ಬಂದಾಗ ಅವಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋಗಲಾರದೆ ಗೇಟಿನ ಹತ್ತಿರ ಮೂರು ಸಲ ತಿರುಗಿ ಬಂದಿದ್ದ. ಈಗ ಆ ಹುಡುಗಿ ನಾಲಿಗೆ ಕಚ್ಚಿಕೊಂಡು, ನಗುತ್ತಾ, ಅಂಗೈಯಲ್ಲೇ ಬೋರ್ಡು ಒರೆಸಿ, ಮೈನಸ್ ಹಾಕಿದಳು. "ಹಾಂ! ಈಗ ಗಿರಾಕಿ ದಾರಿಗೆ ಬಂತು" ಅಂದರು ಮೇಷ್ಟ್ರು.

ರೇಣುಕನಿಗೆ ಆಗಿದ್ದು ಹೊಟ್ಟೆಕಿಚ್ಚು ಕಣ್ರೀ, ಬೇರೇನಲ್ಲ. ಇಡೀ ಪೇಟೆಗೆ ಸಾಹುಕಾರನಾದವನು ಹಾಸ್ಟೆಲ್ ಹುಡುಗಿಯೊಬ್ಬಳಿಗೆ ಬಿದ್ದ ಬೈಗುಳಕ್ಕೆ ಹೊಟ್ಟೆ ಉರಿದುಕೊಂಡು ಕಿಟಕಿ ಸರಳು ಹಿಡಿದು ನಿಂತ. ಗಂಟೆ ಹೊಡೆಯುವವರೆಗೂ ಅಲ್ಲಿಂದ ಅಲ್ಲಾಡಲಿಲ್ಲ. ತಾನೇ ಮಾಡಿದ ನಿಯಮ ಮುರಿಯುತ್ತಿದೆ ಎನ್ನುವುದು ಅವನಿಗೆ ನೆನಪಾದದ್ದು ಕೆಳಗಿಳಿದ ಮೇಲೆ. ನೆನಪಾದರೂ ಸುಮ್ಮನಿದ್ದ. ಆ ಧ್ವನಿ ಕಾಲೇಜಿನಲ್ಲಿ ಎಲ್ಲೋ ಒಂದು ಕಡೆ ಇದೆಯಲ್ಲ, ಇರಲಿ ಎಂದುಕೊಂಡ.

ಆದರೆ ಎಲ್ಲರೂ ಸುಮ್ಮನಿರಬೇಕಲ್ಲ. ಪೋಷಕರ ಫೋನು ತೆಗೆದುಕೊಳ್ಳುವ ಕಲ್ಪನಾ ಒಂದು ಬೆಳಿಗ್ಗೆ ಗಾಬರಿಯಲ್ಲಿ ಬಂದಳು. "ಹೊನ್ನಾಳಿ ರೈಸ್ ಮಿಲ್ ಓಬಳೇಶ್ ಅವ್ರು ಲೈನಿನಲ್ಲಿ ಅದಾರೆ ಸಾರ್. ಭಾಳ ಸಿಟ್ಟಾಗ್ಯಾರೆ."

ಓಬಳೇಶ್ ಎಂದರೆ ಸಾಮಾನ್ಯದವನಲ್ಲ. ಅವನು ಒಂದು ಮಾತು ಹೇಳಿದರೆ ಹೊನ್ನಾಳಿ ಕಡೆಯ ಬಸ್ಸು ಅರ್ಧ ಖಾಲಿ.

"ಏನ್ರೀ ಅಧ್ಯಕ್ಷರೇ, ನಮ್ಮ ಹುಡುಗನಿಗೆ ನಿಮ್ಮ ಲೆಕ್ಕದ ಮೇಷ್ಟ್ರು ಗಿರಾಕಿ ಅಂದ್ರಂತೆ! ಎಲ್ಲರ ಎದುರಿಗೆ! ನಾವೇನು ಬಿಟ್ಟಿ ಓದಿಸ್ತೀವೇನ್ರೀ?"

ಗಿರಾಕಿ ಎಂದು ಮೀಟಿಂಗಿನಲ್ಲಿ ಹೇಳಿದವನು ನಾನೇ ಎಂದು ರೇಣುಕನ ಬಾಯಿ ತುದಿಗೆ ಬಂತು. ನುಂಗಿಕೊಂಡ. "ನಾನು ಮಾತಾಡ್ತೀನಿ ಬಿಡ್ರಿ" ಎಂದ.

ಮೇಷ್ಟ್ರನ್ನು ಕರೆಸಿದ. ವಿಷಯ ಕೇಳಿ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಮೀಟಿಂಗ್‌ನ್ಯಾಗೆ ನೀವೇ ಹೇಳಿದ್ರಲ್ರೀ, ಹುಡುಗ್ರೆಲ್ಲ ಗಿರಾಕಿಗಳು ಅಂತ?"

"ನಾನು ಹೇಳಿದ್ದು ಆ ಗಿರಾಕಿ ಅಲ್ಲ ಸಾರ್. ಅಂಗಡಿ ಗಿರಾಕಿ."

"ಹಂಗೋ? ನನಗೆ ಗೊತ್ತಿದ್ದುದು ಒಂದೇ ಗಿರಾಕಿ" ಅಂದರು.

ಅಲ್ಲಿ ಒಂದು ಗಳಿಗೆ ಇತ್ತು. ಓಬಳೇಶನ ಹುಡುಗ ಹೋದರೆ ಹೋಗಲಿ, ನೀವು ನಿಮ್ಮಂತೆ ಪಾಠ ಮಾಡಿ ಎಂದು ಹೇಳಬಹುದಾಗಿದ್ದ ಗಳಿಗೆ. ಹಾಗೆ ಹೇಳಿದ್ದರೆ ಬಹುಶಃ ಮೇಷ್ಟ್ರ ಬಾಯಿಂದ ಅವನಿಗೆ ಬೇಕಾದ ಮಾತೂ ಬಂದುಬಿಡುತ್ತಿತ್ತು. ಆದರೆ ಮಂಡಿಯಲ್ಲಿ ಬೆಳೆದ ನಾಲಿಗೆ, ಹಳೇ ಅಭ್ಯಾಸ. "ಒಂದು ಮಾತು ಸಾರಿ ಅಂದ್ಬಿಡ್ರಿ ಸಾರ್, ಅಲ್ಲಿಗೆ ಮುಗೀತೈತೆ" ಎಂದುಬಿಟ್ಟ.

"ಆತು ಬಿಡ್ರಿ" ಅಂದರು ಮೇಷ್ಟ್ರು.

ಅಂದಂತೆಯೇ ಮಾಡಿದರು. ಕ್ಲಾಸಿಗೆ ಹೋಗಿ ಆ ಹುಡುಗನ ಬೆಂಚಿನ ಮುಂದೆ ನಿಂತು, "ತಪ್ಪಾತು, ಕ್ಷಮಿಸಿಬಿಡ್ರಿ" ಅಂದರು. ಹುಡುಗನೇ ನಾಚಿಕೆಯಿಂದ ಕುಗ್ಗಿಹೋದನಂತೆ. ಅಂದಿನಿಂದ ಆ ಕೊಠಡಿಯಿಂದ ಕೂಗು ಬರುವುದು ನಿಂತಿತು. ರೇಣುಕ ಏನಾದರೊಂದು ನೆಪ ಮಾಡಿಕೊಂಡು ಮಹಡಿ ಹತ್ತುತ್ತಿದ್ದ. ಕಿಟಕಿಯಿಂದ ಕೇಳುತ್ತಿದ್ದುದು ಬರೀ, "ಇದು ನಿಮಗೆ ಅರ್ಥ ಆತೇನ್ರೀ? ಆಗ್ಲಿಲ್ವಾ? ಪರವಾಗಿಲ್ಲ ಬಿಡ್ರಿ, ಕೂತ್ಕಳ್ರಿ." ಬ್ಯಾಂಕಿನ ಕೌಂಟರಿನಲ್ಲಿ ನಿಂತಂತಿತ್ತು. ತಿಂಗಳ ಕೊನೆಗೆ ಮಕ್ಕಳು ಮೊಬೈಲಿನಲ್ಲಿ ಉಪನ್ಯಾಸಕರಿಗೆ ನಕ್ಷತ್ರ ಹಾಕುವ ಪದ್ಧತಿಯನ್ನೂ ಅವನೇ ತಂದಿದ್ದ. ಆ ಸಲ ಮೇಷ್ಟ್ರಿಗೆ ಎಂದೂ ಇಲ್ಲದಷ್ಟು ನಕ್ಷತ್ರ ಬಿದ್ದವು ಎಂದು ಕಲ್ಪನಾ ಖುಷಿಯಿಂದ ಹೇಳಿದಳು. ರೇಣುಕ ಆ ಪಟ್ಟಿಯನ್ನು ಮಡಿಸಿ ಡ್ರಾಯರಿಗೆ ಹಾಕಿದ.

ಒಂದು ಶನಿವಾರ ದುರ್ಗಾಂಬಿಕಾ ಅವನ ಕೊಠಡಿಗೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ಟಿ.ಸಿ. ಕೊಡಿಸ್ರಿ ಸಾರ್. ಊರಿಗೆ ಹೋಗ್ತೀನಿ."

"ಯಾಕಮ್ಮಾ? ಹಾಸ್ಟೆಲ್‌ನ್ಯಾಗೆ ಏನಾರ ತೊಂದ್ರೆನಾ? ಊಟ?"

"ಊಟ ಚಲೋ ಐತೆ ಸಾರ್. ಎಲ್ಲಾ ಚಲೋ ಐತೆ." ಅವಳು ವೇಲಿನ ತುದಿ ಹಿಂಡುತ್ತಿದ್ದಳು. "ಲೆಕ್ಕದ ಸಾರು ನಮಗೆ ಬೈಯೋದು ಬಿಟ್ಟುಬಿಟ್ರು."

"ಮರ್ಯಾದೆ ಕೊಟ್ಟು ಮಾತಾಡಿದ್ರೆ ಒಳ್ಳೇದೇ ಅಲ್ಲೇನಮ್ಮಾ?"

"ಒಳ್ಳೇದೇ ಸಾರ್. ಆದ್ರೆ..." ಹುಡುಗಿ ವೇಲಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ಮುಂಚೆ ತಪ್ಪು ಮಾಡಿದ್ರೆ ಲೇ ಗಿರಾಕಿ ಅಂತ ಕರದು, ಲೆಕ್ಕ ಬರೋತನಕ ಬಿಡ್ತಿರ್ಲಿಲ್ಲ. ನಮ್ಮಪ್ಪ ಕರದಂಗಾಗ್ತಿತ್ತು. ಈಗ ಪರವಾಗಿಲ್ಲ ಬಿಡ್ರಿ, ಕೂತ್ಕಳ್ರಿ ಅಂತಾರೆ. ನಾನು ಪಾಸಾದ್ರೂ ಅಷ್ಟೇ, ಫೇಲಾದ್ರೂ ಅಷ್ಟೇ ಅಂದಂಗೆ ಕೇಳ್ತೈತೆ ಸಾರ್. ಇಲ್ಲಿ ಎಲ್ಲಾರೂ ನನಗೆ ನೀವು ಅಂತಾರೆ. ಯಾರದೋ ಮನೆಗೆ ಬಂದು ಕೂತಂಗೆ ಆಗೈತೆ."

ಇಷ್ಟು ವರ್ಷ ರೇಣುಕನೊಳಗೆ ಇದ್ದು, ಹೆಂಡತಿಗೂ ಹೇಳಲಾಗದೆ ಹೋದ ಸಂಕಟವನ್ನು ಈ ಹುಡುಗಿ ನಿಂತ ನಿಲುವಿನಲ್ಲಿ ಹೇಳಿಬಿಟ್ಟಿದ್ದಳು. "ಎರಡು ದಿನ ತಡಿಯಮ್ಮಾ" ಎಂದು ಎದ್ದು, ದಡದಡ ಸ್ಟಾಫ್ ರೂಮಿಗೆ ಹೋದ. ಮೇಷ್ಟ್ರ ಕುರ್ಚಿ ಖಾಲಿ ಇತ್ತು. ಬಸ್ ಓಡಾಟ ಮೈಗೆ ಆಗುತ್ತಿಲ್ಲ, ಸೋಮವಾರದಿಂದ ಬರುವುದಿಲ್ಲ, ಅಧ್ಯಕ್ಷರಿಗೆ ನಮಸ್ಕಾರ ಹೇಳಿ ಎಂದು ಕಲ್ಪನಾಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟು ಹೋಗಿದ್ದರು.

ಭಾನುವಾರ ಬೆಳಿಗ್ಗೆ ರೇಣುಕ ತಾನೇ ಕಾರು ಓಡಿಸಿಕೊಂಡು ಬಸವಾಪಟ್ಟಣಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಮೇಷ್ಟ್ರ ಮನೆಯ ಜಗಲಿಯ ಮೇಲೆ ಹುಡುಗಿಯರ ಎರಡು ಜೊತೆ ಚಪ್ಪಲಿ ಇದ್ದವು. ಒಳಗೆ ನಡುಮನೆಯಲ್ಲಿ ದುರ್ಗಾಂಬಿಕಾ, ಅವಳ ಹಾಸ್ಟೆಲ್ ಗೆಳತಿಯೊಬ್ಬಳು ಪುಸ್ತಕ ಹರವಿಕೊಂಡು ಕೂತಿದ್ದರು. ಮೇಷ್ಟ್ರು ಕಾಲೇಜು ಬಿಟ್ಟರೆಂದು ತಿಳಿದು ಭಾನುವಾರದ ಮೊದಲ ಬಸ್ಸಿಗೇ ಬಂದಿದ್ದರು. ಅವನನ್ನು ಕಂಡು ಹುಡುಗಿಯರು ಗಾಬರಿಯಿಂದ ಎದ್ದರು.

"ನೀವು ಲೆಕ್ಕ ಮಾಡ್ಕಳ್ರಮ್ಮಾ" ಎಂದ ರೇಣುಕ.

"ಬರ್ರಿ ಬರ್ರಿ, ಕೂತ್ಕಳ್ರಿ" ಎಂದು ಮೇಷ್ಟ್ರು ಹೊರಗೆ ಬಂದು ಜಗಲಿಯ ಮೇಲೆ ಚಾಪೆ ಹಾಸಿದರು. ಹೆಂಡತಿ ನಿರ್ಮಲಮ್ಮ ಲೋಟ ತುಂಬ ಚಹಾ ತಂದುಕೊಟ್ಟರು. ಮಂಡಿಯಲ್ಲಿ ಅಪ್ಪ ಮಾಡುತ್ತಿದ್ದ ಉಪಚಾರವೇ. ಒಂದಕ್ಕೂ ಕಡಿಮೆಯಿಲ್ಲ.

"ಸಾರ್, ಆ ರೂಲ್ ತೆಗೆದುಹಾಕ್ತೀನಿ. ಓಬಳೇಶನಿಗೂ ಹೇಳ್ತೀನಿ. ನೀವು ವಾಪಸ್ ಬರ್ರಿ."

"ರೂಲ್ ತೆಗೀರಿ, ಒಳ್ಳೇದು. ಬೇರೆ ಮೇಷ್ಟ್ರುಗಳಿಗೂ ಉಸಿರಾಡಾಕೆ ಆಗ್ತೈತೆ. ನಂದು ಸಾಕು ಬಿಡ್ರಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ಈ ಹುಡುಗಿಗೆ ಟಿ.ಸಿ. ಮಾತ್ರ ಕೊಡಬ್ಯಾಡ್ರಿ. ಇನ್ಮೇಲೆ ಭಾನುವಾರ ಭಾನುವಾರ ಇಲ್ಲಿಗೆ ಬರ್ತಾಳೆ. ಇರ್ತಾಳೆ ಅವಳು, ಎಲ್ಲೂ ಹೋಗಲ್ಲ."

ರೇಣುಕ ತಲೆಯಾಡಿಸಿದ. ಚಹಾ ಮುಗಿಯಿತು. ಇನ್ನು ಹೇಳಲು ಉಳಿದಿದ್ದು ಒಂದೇ ಮಾತು. ಲೋಟ ಕೆಳಗಿಟ್ಟು, ಅಧ್ಯಕ್ಷ, ಸಾಹುಕಾರ ಎಲ್ಲವನ್ನೂ ಬದಿಗಿಟ್ಟು, ಚಿಕ್ಕ ಹುಡುಗನಂತೆ ಕೇಳಿಯೇ ಬಿಟ್ಟ.

"ಸಾರ್, ನನಗೆ ಒಂದ್ಸಲ ಬೈರಿ."

ಮೇಷ್ಟ್ರು ನಕ್ಕುಬಿಟ್ಟರು. "ಗಿರಾಕೀನ ಯಾರಾದ್ರೂ ಬೈತಾರೇನ್ರೀ?"

ತಮಾಷೆಗೇ ಅಂದಿದ್ದು. ಆದರೆ ರೇಣುಕ ನಗಲಿಲ್ಲ. ಅವನ ಕಣ್ಣಲ್ಲಿ ನೀರು ನಿಂತದ್ದನ್ನು ನೋಡಿ ಮೇಷ್ಟ್ರ ನಗುವೂ ಆರಿತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅವನ ಮುಖವನ್ನೇ ನೋಡುತ್ತಾ, "ಲೇ..." ಅಂದರು.

ರೇಣುಕ ಕಾದ. ಒಳಗೆ ಹುಡುಗಿಯರ ಪೆನ್ನಿನ ಸದ್ದು ಕೇಳುತ್ತಿತ್ತು.

"ಲೇ..." ಮೇಷ್ಟ್ರು ಮತ್ತೊಮ್ಮೆ ಪ್ರಯತ್ನಿಸಿದರು. ಆಮೇಲೆ ಸೋತವರಂತೆ ಕೈ ಚೆಲ್ಲಿದರು. "ಬರ್ತಿಲ್ಲ ನೋಡ್ರಿ. ನಾಲಿಗೆ ಹೊರಳ್ತಿಲ್ಲ. ನನಗೇನು ಆಸೆ ಇಲ್ಲ ಅನ್ಕಂಡ್ರೇನು? ನೀವು ಆ ಮೈನಸ್ ಬಿಟ್ಟು ಲೆಕ್ಕ ತಂದ್ರಲ್ಲ, ಆವತ್ತು ಬಾಯಿ ತುದಿಗೆ ಬಂದಿತ್ತು. ನಿಮ್ಮ ರೂಮಿನ ಟೇಬಲ್ಲು, ಕುರ್ಚಿ ಕಣ್ಣ ಮುಂದೆ ಬಂದ್ವು. ಒಳಗೇ ಹೋತು. ಅಲ್ಲಿಂದ ಮತ್ತೆ ಹೊರಗೆ ಬರಲೇ ಇಲ್ಲ."

ರೇಣುಕ ಎದ್ದು ಕಾಲು ಮುಟ್ಟಿ ನಮಸ್ಕರಿಸಿದ. ಮೇಷ್ಟ್ರು ಅವನ ತಲೆಯ ಮೇಲೆ ಕೈ ಇಟ್ಟರು. ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನಂತರ ಅವರು ಜಗಲಿಯ ಅಂಚಿನವರೆಗೂ ಬಂದು, "ಮತ್ತೆ ಬರ್ರಿ" ಎಂದು ಹೇಳಿ ಒಳಗೆ ಹೋದರು.

ರೇಣುಕ ಅಂಗಳ ದಾಟಿ ಗೇಟಿನ ಚಿಲಕಕ್ಕೆ ಕೈ ಹಾಕಿದ್ದ. ಹಿಂದಿನಿಂದ ಬೀದಿಗೆಲ್ಲ ಕೇಳುವಂತೆ ಆ ಕೂಗು ಬಂತು.

"ಲೇ ಗಿರಾಕಿ! ಎಲ್ಲಿಗೆ ಹೊಂಟೆ? ಮೈನಸ್ ಎಲ್ಲಿ ಬಿಟ್ಟೆ?"

"ಬಂದೆ ಸಾರ್!" ಎಂದು ಅವನು ತಿರುಗಿ ಎರಡು ಹೆಜ್ಜೆ ಓಡಿಯೇ ಬಿಟ್ಟಿದ್ದ.

ಒಳಗೆ ದುರ್ಗಾಂಬಿಕಾ ಕಿಲಕಿಲ ನಕ್ಕಳು. "ನೀರು ಕುಡಿಯಾಕೆ ಎದ್ದೆ ಸಾರ್, ಮೈನಸ್ ಹಾಕ್ತೀನಿ ಇರ್ರಿ" ಅಂದಳು.

ರೇಣುಕ ಅಂಗಳದ ನಡುವೆ ಹಾಗೇ ನಿಂತ. ಒಳಗಿನಿಂದ ಇನ್ನೂ ಒಂದೆರಡು ಬೈಗುಳ ಬಂದವು. ಅವನ್ನೂ ಪೂರ್ತಿ ಕೇಳಿಸಿಕೊಂಡು, ಸದ್ದಾಗದಂತೆ ಗೇಟು ಹಾಕಿಕೊಂಡು ಹೊರಟ.